ಚಹಾ ಗಂಡೋ, ಹೆಣ್ಣೋ? ಮುಂಬಯಿ ಕನ್ನಡಿಗನ ನಾಲಗೆಯ ಮೇಲೆ ಮೂರು ವ್ಯಾಕರಣ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ಹಿರಿಯರು ತಮ್ಮ ಮೊದಲ ದಿನಗಳನ್ನು ನೆನೆಸಿಕೊಳ್ಳುವಾಗ ಒಂದು ಮಾತು ತಪ್ಪದೆ ಬರುತ್ತದೆ. ಊಟ ಹೋಟೆಲಿನಲ್ಲೇ ಸಿಗುತ್ತಿತ್ತು, ರಾತ್ರಿ ಟೇಬಲುಗಳನ್ನು ಜೋಡಿಸಿದರೆ ಮಲಗುವುದಕ್ಕೂ ಜಾಗ ಆಗುತ್ತಿತ್ತು, ತಡೆಯಲಾಗದಿದ್ದುದು ಮಾತ್ರ ಗಿರಾಕಿಗಳ ನಗು. ಫೋರ್ಟ್ ಪ್ರದೇಶದ ಉಡುಪಿ ಹೋಟೆಲಿನಲ್ಲಿ ಹೊಸ ಹುಡುಗ ಲೋಟ ಇಟ್ಟು "ಚಾಯ್ ಗರಮ್ ಹೋ ಗಯಾ" ಎಂದರೆ ಹಿಂದಿಯವನು ನಗುತ್ತಿದ್ದ. 'ಗಯೀ' ಎನ್ನಬೇಕೆಂದು ಯಾರೋ ಹೇಳಿಕೊಟ್ಟರು. ಸರಿ, ಪಕ್ಕದ ಟೇಬಲಿನ ಮರಾಠಿ ಗುಮಾಸ್ತನಿಗೆ ಅದೇ ಲೆಕ್ಕದಲ್ಲಿ "ಚಹಾ ಗರಮ್ ಝಾಲೀ" ಎಂದ. ಈಗ ಅವನು ನಕ್ಕ. ಹಿಂದಿಯಲ್ಲಿ ಚಾಯ್ ಹೆಣ್ಣು, ಮರಾಠಿಯಲ್ಲಿ ಚಹಾ ಗಂಡು. ಅಲ್ಲಿ 'ಗಯೀ', ಇಲ್ಲಿ 'ಝಾಲಾ'. ಹುಡುಗನ ಮನೆಮಾತು ತುಳುವಾದರೆ "ಚಾ ಬೆಚ್ಚ ಆಂಡ್", ಕನ್ನಡವಾದರೆ "ಚಹಾ ಬಿಸಿಯಾಯಿತು". ಚಹಾಕ್ಕೆ ಗಂಡು ಹೆಣ್ಣೆಂಬ ಭೇದ ಉಂಟೆಂದು ಅವನಿಗೆ ಹೇಳಿದವರೇ ಇರಲಿಲ್ಲ.

ಈ ನಗುವಿಗೆ ಹೆದರಿ ಬಾಯಿ ಮುಚ್ಚಿಕೊಂಡವರು ಅಡುಗೆಮನೆಯ ಒಳಗೇ ಉಳಿದರು. ನಕ್ಕರೆ ನಗಲಿ ಎಂದು ಮಾತಾಡಿದವರು ಟೇಬಲಿಗೆ ಬಂದರು, ಅಲ್ಲಿಂದ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಗೆ ಬಂದರು, ಕೆಲವರು ಸ್ವಂತ ಹೋಟೆಲಿನ ಬೋರ್ಡನ್ನೇ ಹಾಕಿದರು. ಹುಡುಗನ ತಪ್ಪು ಬುದ್ಧಿಯ ಕೊರತೆಯಿಂದ ಬಂದದ್ದಲ್ಲ, ಅವನ ತಾಯ್ನುಡಿಯ ಸರಿಯಾದ ವ್ಯಾಕರಣದಿಂದಲೇ ಬಂದದ್ದು ಎಂದು ಆ ಕಾಲದಲ್ಲಿ ಹೇಳಿ ಬೆನ್ನು ತಟ್ಟುವವರು ಇದ್ದಿದ್ದರೆ ಇನ್ನಷ್ಟು ಮಂದಿ ಹೊರಗೆ ಬರುತ್ತಿದ್ದರೋ ಏನೋ.

ಕನ್ನಡದ ಲಿಂಗ ವ್ಯವಸ್ಥೆ ಬಹಳ ಸರಳ. ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಉಳಿದುದೆಲ್ಲ ಬಂತು. ಎತ್ತೂ ಬಂತು, ಹಸುವೂ ಬಂತು, ಬಸ್ಸೂ ಬಂತು, ಸಂಬಳವೂ ಬಂತು. ಅರ್ಥ ಗೊತ್ತಿದ್ದರೆ ಲಿಂಗ ಗೊತ್ತಾಯಿತು. ಮರಾಠಿಯಲ್ಲಿ ಹಾಗಲ್ಲ. ಖುರ್ಚಿ ಹೆಣ್ಣು, ದರವಾಜಾ ಗಂಡು, ಟೇಬಲ್ ನಪುಂಸಕ. ಊಟಕ್ಕೆ ಕುಳಿತರೆ ಭಾತ್ ಗಂಡು, ಭಾಕರಿ ಹೆಣ್ಣು, ಪಾಣಿ ನಪುಂಸಕ. ಹಿಂದಿಗೆ ಹೋದರೆ ನಪುಂಸಕವೇ ಇಲ್ಲ. ಅದೇ ಪಾನಿ ಅಲ್ಲಿ ಗಂಡಾಗಿಬಿಟ್ಟಿತು. ಪುಸ್ತಕ ಕನ್ನಡದಲ್ಲೂ ಮರಾಠಿಯಲ್ಲೂ ನಪುಂಸಕ, ಹಿಂದಿಯಲ್ಲಿ ಹೆಣ್ಣು. ಬ್ಯಾಂಕಿಗೆ ಹೋಗಿ ನೋಡಿದರೆ ಅಲ್ಲೂ ಇದೇ ಗತಿ. ಮರಾಠಿಗನ ಬ್ಯಾಂಕ್ ಹೆಣ್ಣು, ಬೆಳಿಗ್ಗೆ 'ಉಘಡಲೀ' ಎನ್ನುತ್ತಾನೆ. ಹಿಂದಿಯವನ ಬ್ಯಾಂಕ್ ಗಂಡು, 'ಖುಲಾ' ಎನ್ನುತ್ತಾನೆ. ಅದರೊಳಗಿನ ಖಾತೆಯೋ ಮರಾಠಿಯಲ್ಲಿ ನಪುಂಸಕ, ಹಿಂದಿಯಲ್ಲಿ ಗಂಡು. ಒಂದೇ ಮೊತ್ತವನ್ನು ಮೂರು ಲೆಡ್ಜರುಗಳಲ್ಲಿ ಮೂರು ಹೆಸರಿಗೆ ಜಮಾ ಮಾಡಿದ ಹಾಗೆ.

ಇದಕ್ಕೆ ಕಾರಣ ಕೇಳಿದರೆ ಮರಾಠಿಗನೂ ಹೇಳಲಾರ. ಸಂಸ್ಕೃತದಲ್ಲಿ ಮೂರು ಲಿಂಗಗಳಿದ್ದವು. ಮರಾಠಿ, ಗುಜರಾತಿ, ಕೊಂಕಣಿ ಮೂರನ್ನೂ ಉಳಿಸಿಕೊಂಡವು, ಹಿಂದಿ ನಪುಂಸಕವನ್ನು ಬಿಟ್ಟುಕೊಟ್ಟಿತು. ಇಂಗ್ಲಿಷಿನಿಂದ ಬಂದ ಹೊಸ ಶಬ್ದಗಳಿಗೂ ಪ್ರತಿಯೊಂದು ಭಾಷೆ ತನ್ನ ಕಿವಿಗೆ ಹಿತವಾದ ಲಿಂಗವನ್ನು ಹಚ್ಚಿತು. ಕಲಿಯುವವರಿಗೆ ಒಂದು ಊರುಗೋಲು ಮಾತ್ರ ಇದೆ. ಮರಾಠಿಯಲ್ಲಿ 'ಆ'ಕಾರದಲ್ಲಿ ಮುಗಿಯುವ ವಸ್ತುಗಳು ಹೆಚ್ಚಾಗಿ ಗಂಡು (ದರವಾಜಾ, ಚಹಾ), 'ಈ'ಕಾರದವು ಹೆಚ್ಚಾಗಿ ಹೆಣ್ಣು (ಖುರ್ಚೀ, ಭಾಕರೀ), 'ಏ'ಕಾರದವು ಹೆಚ್ಚಾಗಿ ನಪುಂಸಕ (ಕೇಳೇ ಎಂದರೆ ಬಾಳೆಹಣ್ಣು, ಖಾತೇ). ಪಾಣೀಯಂಥವು ಕೈಕೊಡುತ್ತವೆ, ಆದರೂ ಹತ್ತರಲ್ಲಿ ಹಲವು ಸಲ ಊರುಗೋಲು ಹಿಡಿದವನು ಬೀಳುವುದಿಲ್ಲ. ಮನೆಯಲ್ಲಿ ಕೊಂಕಣಿ ಆಡುವ ಕರಾವಳಿಯವರಿಗೆ ಈ ಕಷ್ಟವೇ ಇಲ್ಲ. ಅವರು ಮುಂಬಯಿಗೆ ಬಂದ ಕೆಲವೇ ತಿಂಗಳಲ್ಲಿ ಮರಾಠಿಯಲ್ಲಿ ಮಾತಾಡುವುದನ್ನು ಕಂಡು ಉಳಿದವರು ಬೆರಗಾಗುವುದುಂಟು. ಅವರು ಹೊರಡುವಾಗಲೇ ಮೂರು ಲಿಂಗಗಳನ್ನು ಟ್ರಂಕಿನಲ್ಲಿ ತುಂಬಿಕೊಂಡು ಬಂದವರು.

ಹೈದರಾಬಾದಿನ ಕನ್ನಡಿಗನಿಗೆ ಬೇರೊಂದು ಬಗೆಯ ಅಚ್ಚರಿ ಕಾದಿರುತ್ತದೆ. ತೆಲುಗಿನಲ್ಲಿ "ಆಮೆ ವಚ್ಚಿಂದಿ" ಎಂದರೆ ಅವಳು ಬಂದಳು, "ಅದಿ ವಚ್ಚಿಂದಿ" ಎಂದರೆ ಅದು ಬಂತು. ಕ್ರಿಯಾಪದ ಎರಡಕ್ಕೂ ಒಂದೇ. ಹೆಂಗಸರನ್ನು ಹೀಗೆ ಕರೆಯುವುದೇ ಎಂದು ಸಿಟ್ಟಾಗುವ ಮುನ್ನ ನಮ್ಮ ಹವ್ಯಕರ ಮನೆಗಳ ಕನ್ನಡವನ್ನು ನೆನೆಯಬೇಕು. ಅಲ್ಲಿಯೂ ಮನೆಯ ಹೆಂಗಸನ್ನು 'ಅದು ಬಂತು' ಎನ್ನುವ ರೂಢಿ ಉಂಟು. ಅದರಲ್ಲಿ ಸಲಿಗೆ ಇದೆ, ಅಗೌರವ ಇಲ್ಲ. ವ್ಯಾಕರಣದ ಲಿಂಗಕ್ಕೂ ಮನುಷ್ಯರ ಮರ್ಯಾದೆಗೂ ನೇರ ಸಂಬಂಧ ಕಟ್ಟಿದರೆ ಹೀಗೆಲ್ಲ ಜಗಳವಾಗುತ್ತದೆ.

ತಿಂದವಳು ಹುಡುಗಿ, ಕ್ರಿಯಾಪದ ಬಾಗಿದ್ದು ಮಾವಿನಹಣ್ಣಿಗೆ

ಲಿಂಗವನ್ನು ಹೇಗೋ ಬಾಯಿಪಾಠ ಮಾಡಬಹುದು. ಅದಕ್ಕಿಂತ ದೊಡ್ಡ ಗುಂಡಿ ಭೂತಕಾಲದಲ್ಲಿದೆ. ಕನ್ನಡದಲ್ಲಿ ಹುಡುಗ ಮಾವಿನಹಣ್ಣು ತಿಂದನು, ಹುಡುಗಿ ಮಾವಿನಹಣ್ಣು ತಿಂದಳು. ಯಾರು ತಿಂದರೋ ಕ್ರಿಯಾಪದ ಅವರ ಹಿಂದೆ ಹೋಗುತ್ತದೆ. ಮರಾಠಿಯಲ್ಲಿ "ಮುಲೀನೇ ಆಂಬಾ ಖಾಲ್ಲಾ". ಮುಲಗೀ ಹೆಣ್ಣು, ಆದರೂ 'ಖಾಲ್ಲಾ' ಗಂಡುರೂಪ, ಏಕೆಂದರೆ ಆಂಬಾ ಗಂಡು. ಹುಡುಗ ಭಾಕರಿ ತಿಂದರೆ "ಮುಲಾನೇ ಭಾಕರೀ ಖಾಲ್ಲೀ". ತಿಂದವನನ್ನು ಬಿಟ್ಟು ಕ್ರಿಯಾಪದ ತಟ್ಟೆಯಲ್ಲಿರುವುದರ ಕಡೆ ತಿರುಗಿಬಿಟ್ಟಿತು. ಹಿಂದಿಯಲ್ಲೂ ಹೀಗೆಯೇ, "ಲಡಕೇ ನೇ ರೋಟೀ ಖಾಯೀ".

ಹೊಸಬ ಎಡವುವುದು ಹೀಗೆ. ಅವನು ಮೊದಲು ಕಲಿಯುವ ಮರಾಠಿ ವಾಕ್ಯಗಳಲ್ಲಿ "ಮೀ ಜೇವಲೋ" ಒಂದು. ನಾನು ಊಟ ಮಾಡಿದೆ. ಅಲ್ಲಿ ತಿಂದ ಪದಾರ್ಥದ ಹೆಸರಿಲ್ಲ, ಹಾಗಾಗಿ ಕ್ರಿಯಾಪದ ಮಾತಾಡುವವನಿಗೇ ಹೊಂದುತ್ತದೆ. ಅದೇ ಧೈರ್ಯದಲ್ಲಿ "ಮೀ ಭಾಕರೀ ಖಾಲ್ಲೋ" ಎನ್ನುತ್ತಾನೆ. ಸಭೆ ನಗುತ್ತದೆ. "ಮೀ ಭಾಕರೀ ಖಾಲ್ಲೀ" ಎಂದರೆ ಸರಿ. ಗಂಡಸಾದ ತಾನು 'ಖಾಲ್ಲೀ' ಎನ್ನುವುದು ಹೇಗೆಂದು ಅವನಿಗೆ ಸಂಕೋಚ. ಇನ್ನೂ ಒಂದು ಮೆಟ್ಟಿಲಿದೆ. ಕರ್ಮಕ್ಕೆ 'ಲಾ' ಅಥವಾ 'ಸ' ಪ್ರತ್ಯಯ ಸೇರಿದರೆ ಕ್ರಿಯಾಪದ ಕರ್ಮಕ್ಕೂ ಬಾಗುವುದಿಲ್ಲ, ಕರ್ತೃವಿಗೂ ಬಾಗುವುದಿಲ್ಲ, ಸುಮ್ಮನೆ ನಪುಂಸಕವಾಗಿ ನಿಂತುಬಿಡುತ್ತದೆ. ಮರಾಠಿ ಶಾಲೆಗಳಲ್ಲಿ ಇದನ್ನು 'ಭಾವೇ ಪ್ರಯೋಗ' ಎಂದು ಕಲಿಸುತ್ತಾರೆ. "ರಾಮಾನೇ ರಾವಣಾಸ ಮಾರಲೇ." ಕನ್ನಡದ ರಾಮ ರಾವಣನನ್ನು ಕೊಂದ'ನು'. ಮರಾಠಿಯಲ್ಲಿ ಕೊಲ್ಲುವ ಕ್ರಿಯಾಪದಕ್ಕೆ ರಾಮನೂ ಬೇಡ, ರಾವಣನೂ ಬೇಡ.

ಈ ಭೇದ ನಿನ್ನೆ ಮೊನ್ನೆಯದಲ್ಲ. ಅದನ್ನು ಕಣ್ಣಾರೆ ಕಾಣಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಗಂಗರ ಮಂತ್ರಿ ಚಾವುಂಡರಾಯ ಹತ್ತನೇ ಶತಮಾನದ ಕೊನೆಯ ಭಾಗದಲ್ಲಿ ನಿಲ್ಲಿಸಿದ ಗೊಮ್ಮಟನ ಕಾಲ ಬಳಿಯಲ್ಲಿ ಒಂದೇ ವಿಷಯವನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಿದ್ದಾರೆ. ಕನ್ನಡದ ಸಾಲು "ಶ್ರೀ ಚಾಮುಂಡರಾಜಂ ಮಾಡಿಸಿದಂ". ತಮಿಳಿನದು "ಶ್ರೀ ಚಾಮುಂಡರಾಜನ್ ಶೆಯ್ವಿತ್ತಾನ್". ಮರಾಠಿಯದು "ಶ್ರೀ ಚಾವುಂಡರಾಜೇಂ ಕರವಿಯಲೇಂ". ಮರಾಠಿ ಸಾಲಿನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಅದು ಹಾಗಿರಲಿ. ವ್ಯಾಕರಣವನ್ನು ಮಾತ್ರ ನೋಡಬೇಕು. ಕನ್ನಡದ ಕೊನೆಯ 'ದಂ', ತಮಿಳಿನ ಕೊನೆಯ 'ತ್ತಾನ್' ಎರಡೂ ಮಾಡಿಸಿದವನು ಗಂಡಸೆಂದು ಸಾರುತ್ತವೆ. ಮರಾಠಿಯಲ್ಲಿ ಹೆಸರಿಗೆ 'ಏಂ' ಅಂಟಿಕೊಂಡಿದೆ, ಅಂದರೆ 'ಚಾವುಂಡರಾಯನಿಂದ'. ಕ್ರಿಯಾಪದ ಅವನಿಗೆ ಬಾಗದೆ ನಪುಂಸಕವಾಗಿ ನಿಂತಿದೆ. ಮುಂಬಯಿಯ ಹೋಟೆಲಿನ ಹುಡುಗ ಎಡವಿದ ಕಲ್ಲು ಇದೇ. ನೂರಾರು ವರ್ಷ ಮೊದಲೇ ಕನ್ನಡ ನಾಡಿನ ನಡುವೆ ಬೆಟ್ಟದ ಮೇಲೆ ಅದನ್ನು ಕೆತ್ತಿಟ್ಟಿದ್ದರು.

ಅಲ್ಲಿ ಇನ್ನೊಂದು ಮರಾಠಿ ಸಾಲೂ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹನ್ನೆರಡನೇ ಶತಮಾನದಲ್ಲಿ ಮೂರ್ತಿಯ ಸುತ್ತ ಆವರಣ ಕಟ್ಟಿಸಿದ. ಅದನ್ನು ಹೇಳುವ ಸಾಲು "ಶ್ರೀ ಗಂಗರಾಜೇ ಸುತ್ತಾಲೇ ಕರವಿಯಲೇ". ಸುತ್ತಾಲಯ ಎನ್ನುವುದರಲ್ಲಿ 'ಸುತ್ತು' ಅಚ್ಚಗನ್ನಡ. ಮರಾಠಿ ವಾಕ್ಯಕ್ಕೆ ಕನ್ನಡದ ಶಬ್ದ ಬಂದು ಕುಳಿತಿತು, ವಾಕ್ಯದ ಮೈಕಟ್ಟು ಮಾತ್ರ ಮರಾಠಿಯದೇ ಉಳಿಯಿತು.

ಅರ್ಧ ಮರಾಠಿ ಬಾಯಲ್ಲೇ ಇದೆ

ಇಷ್ಟು ಓದಿದವರು ಮರಾಠಿ ಕಷ್ಟವಪ್ಪಾ ಎಂದು ಪುಟ ಮಗುಚಬಾರದು. ಕನ್ನಡಿಗನಿಗೆ ಮರಾಠಿಯಲ್ಲಿ ಕಷ್ಟವಾದದ್ದು ಬಹುಮಟ್ಟಿಗೆ ಈ ಎರಡೇ, ಲಿಂಗ ಮತ್ತು ಈ 'ನೇ'. ಉಳಿದ ವಾಕ್ಯರಚನೆ ಆಗಲೇ ಅವನ ಬಾಯಲ್ಲಿದೆ. "ನಾನು ನಾಳೆ ಊರಿಗೆ ಹೋಗುತ್ತೇನೆ", "ಮೀ ಉದ್ಯಾ ಗಾವಾಲಾ ಜಾಯೀನ". ಒಂದೊಂದು ಶಬ್ದಕ್ಕೆ ಒಂದೊಂದು ಶಬ್ದ ಇಟ್ಟರೆ ಸಾಕು, ಜಾಗ ಬದಲಿಸಬೇಕಾಗಿಲ್ಲ. ಹಸಿವೆಯನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ 'ನನಗೆ' ಹಸಿವಾಗಿದೆ, ತುಳುವಿನಲ್ಲಿ 'ಎಂಕ್' ಬಡವಾಪುಂಡು, ಮರಾಠಿಯಲ್ಲಿ 'ಮಲಾ' ಭೂಕ್ ಲಾಗಲೀ, ಹಿಂದಿಯಲ್ಲಿ 'ಮುಝೇ' ಭೂಖ್ ಲಗೀ. ನಾಲ್ಕರಲ್ಲೂ ಹಸಿವೆ ಹೊರಗಿನಿಂದ ಬಂದು ಮನುಷ್ಯನಿಗೆ ಆಗುತ್ತದೆ. ಇಂಗ್ಲಿಷಿನವನೊಬ್ಬನೇ 'ಐ ಆಮ್ ಹಂಗ್ರಿ' ಎಂದು ತಾನೇ ಹಸಿವೆಯಾಗಿ ಕೂರುತ್ತಾನೆ. ನಿನ್ನೆ ಬಂದ ಹುಡುಗ ಎನ್ನುವುದಕ್ಕೆ ಮರಾಠಿಯಲ್ಲಿ "ಕಾಲ್ ಆಲೇಲಾ ಮುಲಗಾ", ಅದೇ ಅಚ್ಚು. ಹಿಂದಿಯಲ್ಲಾದರೆ 'ಜೋ ಲಡಕಾ ಕಲ್ ಆಯಾ ಥಾ, ವಹ' ಎಂದು ಸುತ್ತುವ ಅಭ್ಯಾಸ ಹೆಚ್ಚು. ಬರುತ್ತೇನೆ ಅಂತ ಹೇಳಿದ ಎನ್ನುವಾಗಿನ 'ಅಂತ' ಕೂಡ ಮರಾಠಿಯಲ್ಲಿ 'ಮ್ಹಣೂನ್' ಆಗಿ ಅದೇ ಜಾಗದಲ್ಲಿ ಕೂರುತ್ತದೆ. ಹಿಂದಿಯ 'ಕಿ' ಮುಂಚೆಯೇ ಬಂದು ಬಾಗಿಲು ತೆರೆಯುತ್ತದೆ.

ಹೋಟೆಲಿನಲ್ಲಿ ವೇಟರನನ್ನು ಕೂಗಿದಾಗಲೂ ಗಮನಿಸಬಹುದು. ಅವನು ಇನ್ನೂ ಮೂರು ಟೇಬಲು ಆಚೆ ಇರುತ್ತಾನೆ, "ಬಂದೆ" ಎನ್ನುತ್ತಾನೆ. ಮರಾಠಿಯವನಾದರೆ "ಆಲೋ", ಹಿಂದಿಯವನಾದರೆ "ಆಯಾ". ಬಾರದೆಯೇ ಬಂದಾಯಿತು ಎಂಬ ಈ ಭೂತಕಾಲವನ್ನು ವಿಂಧ್ಯದ ಎರಡೂ ಕಡೆಯವರು ಅರ್ಥಮಾಡಿಕೊಳ್ಳುತ್ತಾರೆ. ಪರದೇಶದ ಗಿರಾಕಿಗೆ ಮಾತ್ರ ವಿವರಿಸಬೇಕಾಗುತ್ತದೆ.

ಮುಂಬಯಿಯ ಹಿಂದಿಯನ್ನು ದಿಲ್ಲಿಯವರು ಆಡಿಕೊಳ್ಳುವುದು ಇದ್ದದ್ದೇ. "ಮೇರೇಕೋ ಜಾನೇ ಕಾ ಹೈ" ಎಂಬುದು ಅವರ ಕಿವಿಗೆ ಕಲ್ಲು. ಆದರೆ ಮರಾಠಿಯ "ಮಲಾ ಜಾಯ್ಚಂ ಆಹೇ", ನಮ್ಮ ಕರಾವಳಿಯ "ನನಗೆ ಹೋಗಲಿಕ್ಕಿದೆ" ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಮೂರೂ ಒಂದೇ ವಾಕ್ಯ. ಮೊದಲು ನನಗೆ, ಆಮೇಲೆ ಹೋಗುವುದು, ಕೊನೆಗೆ ಇದೆ. ಇದನ್ನು ಕೆಟ್ಟ ಹಿಂದಿ ಎನ್ನುವುದಕ್ಕಿಂತ ಈ ಕಡೆಯ ಜನರ ವಾಕ್ಯ ಹಿಂದಿಯ ಅಂಗಿ ತೊಟ್ಟಿದೆ ಎನ್ನುವುದೇ ನ್ಯಾಯ.

ಭಾಷಾವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಎಮೆನೋ 1956ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಇಡೀ ಭಾರತವನ್ನು ಒಂದು ಭಾಷಾ ಪ್ರದೇಶವೆಂದು ಕರೆದರು. ಬೇರೆ ಬೇರೆ ಕುಟುಂಬದ ಭಾಷೆಗಳು ಸಾವಿರಾರು ವರ್ಷ ನೆರೆಹೊರೆಯಲ್ಲಿ ಬಾಳಿ ಒಂದರ ಲಕ್ಷಣವನ್ನು ಇನ್ನೊಂದು ಪಡೆದುಕೊಂಡಿವೆ ಎಂಬುದು ಅವರ ವಾದ. ಇದಕ್ಕೆ ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಇಂದಿಗೂ ಓದುವ ಉದಾಹರಣೆ ಸಿಕ್ಕಿದ್ದು ನಮ್ಮ ಗಡಿಯಲ್ಲೇ. ಸಾಂಗ್ಲಿ ಜಿಲ್ಲೆಯ ಕುಪ್ವಾರ ಎಂಬ ಹಳ್ಳಿಯ ಮಾತನ್ನು ಪರಿಶೀಲಿಸಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸಲ್ಮಾನರು ಉರ್ದು, ದಲಿತರು ಮರಾಠಿ, ಹಗ್ಗ ಹೊಸೆಯುವ ಕೆಲವರು ತೆಲುಗು ಆಡುತ್ತಿದ್ದರು. ಹೊಲದಲ್ಲಿ, ಅಂಗಡಿಯಲ್ಲಿ, ಕಟ್ಟೆಯ ಮೇಲೆ ಎಲ್ಲರೂ ಎಲ್ಲರೊಡನೆ ಮಾತಾಡಲೇಬೇಕು. ತಲೆಮಾರುಗಳು ಕಳೆದಂತೆ ಏನಾಯಿತೆಂದರೆ, ಪ್ರತಿಯೊಂದು ಮನೆ ತನ್ನ ಶಬ್ದಗಳನ್ನು ಬಿಟ್ಟುಕೊಡಲಿಲ್ಲ, ಆದರೆ ವಾಕ್ಯದ ಕಟ್ಟಡ ಬಹುತೇಕ ಒಂದೇ ಆಗಿಬಿಟ್ಟಿತು. ಒಂದು ಭಾಷೆಯ ವಾಕ್ಯದಲ್ಲಿ ಶಬ್ದಗಳನ್ನು ಒಂದೊಂದಾಗಿ ತೆಗೆದು ಇನ್ನೊಂದರ ಶಬ್ದ ತುಂಬಿದರೆ ಆಯಿತು. ಶ್ರವಣಬೆಳಗೊಳದಲ್ಲಿ ಶಬ್ದ ಗಡಿ ದಾಟಿತ್ತು, ವ್ಯಾಕರಣ ಕದಲಿರಲಿಲ್ಲ. ಕುಪ್ವಾರದಲ್ಲಿ ಶಬ್ದ ಮನೆಯಲ್ಲೇ ಉಳಿಯಿತು, ವ್ಯಾಕರಣ ಗಡಿ ದಾಟಿತು.

ದಾಟಿದ್ದು ಎರಡೂ ಕಡೆಯಿಂದ. ನಮ್ಮ ಕನ್ನಡದಲ್ಲಿ "ಇದು ನಿಮ್ಮ ಮನೆ" ಎಂದರೆ ವಾಕ್ಯ ಮುಗಿಯಿತು, ಮರಾಠಿಗೆ ಕೊನೆಯಲ್ಲಿ 'ಆಹೇ' ಬೇಕೇ ಬೇಕು. ಕುಪ್ವಾರದ ಕನ್ನಡಿಗರು ಇಂಥ ಕಡೆಯಲ್ಲೂ 'ಐತಿ' ಸೇರಿಸಲು ಕಲಿತರು. ಬದಲಿಗೆ ಅಲ್ಲಿಯ ಉರ್ದು ಕನ್ನಡದ ಲಿಂಗವನ್ನು ಕಲಿತಿತು. ಹೊಳೆ ಬಂತು ಎನ್ನಲು ಶಿಷ್ಟ ಉರ್ದುವಿನಲ್ಲಿ 'ನದೀ ಆಯೀ' ಆಗಬೇಕು. ಕುಪ್ವಾರದವರು 'ನದೀ ಆಯಾ' ಎಂದರು, ಮನುಷ್ಯರಲ್ಲದ್ದಕ್ಕೆಲ್ಲ ಒಂದೇ ರೂಪ. ಅಂದರೆ ಫೋರ್ಟಿನ ಹೋಟೆಲಿನಲ್ಲಿ "ಚಾಯ್ ಹೋ ಗಯಾ" ಎಂದು ನಗೆಗೀಡಾದ ಹುಡುಗ ಆಡಿದ್ದು ಕುಪ್ವಾರದಲ್ಲಾದರೆ ಊರಿಗೆ ಊರೇ ಒಪ್ಪಿದ ವ್ಯಾಕರಣ.

'ನಾವು' ಎಂದರೆ ಯಾರು ಯಾರು?

ಮರಾಠಿ ಸಹೋದ್ಯೋಗಿಯೊಡನೆ ಸ್ನೇಹ ಕೆಡಿಸಬಲ್ಲ ಒಂದು ಚಿಕ್ಕ ಶಬ್ದವಿದೆ. ಕನ್ನಡದಲ್ಲಿ ನಾವು ಒಂದೇ. ಮರಾಠಿಯಲ್ಲಿ ಎರಡು, 'ಆಮ್ಹೀ' ಮತ್ತು 'ಆಪಣ'. ಎದುರಿಗಿದ್ದವನನ್ನು ಬಿಟ್ಟು ನಾವು ಎಂದರೆ ಆಮ್ಹೀ, ಅವನನ್ನೂ ಸೇರಿಸಿ ನಾವು ಎಂದರೆ ಆಪಣ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಕನ್ನಡಿಗ ಪಕ್ಕದವನಿಗೆ ಪ್ರೀತಿಯಿಂದಲೇ "ಆಮ್ಹೀ ಜೇವಾಯಲಾ ಜಾತೋ" ಎನ್ನುತ್ತಾನೆ. ನಾವು ಊಟಕ್ಕೆ ಹೋಗೋಣ ಎಂಬುದು ಅವನ ಮನಸ್ಸಿನ ಮಾತು. ಕೇಳಿದವನಿಗೆ ಬೇರೆಯೇ ಕೇಳಿಸಿತು: ನಾವು ಹೋಗುತ್ತೇವೆ, ನೀನು ಇಲ್ಲೇ ಇರು. ಕನ್ನಡದಲ್ಲಿ ಆ ಕೆಲಸವನ್ನು ಸಾಮಾನ್ಯವಾಗಿ 'ಹೋಗೋಣ' ಎಂಬುದರ ಬಾಲದಲ್ಲಿರುವ 'ಓಣ' ಮಾಡಿಬಿಡುತ್ತದೆ. ಸರ್ವನಾಮಕ್ಕೆ ಆ ಹೊರೆ ಇಲ್ಲ.

ತುಳು ಮನೆಮಾತಿನವರು ಮಾತ್ರ ಇಲ್ಲಿ ಮುಗ್ಗರಿಸಬೇಕಾಗಿಲ್ಲ. 'ಎಂಕುಲು ಪೋಪ' ಎಂದರೆ ನೀನು ಬಿಟ್ಟು, 'ನಮ ಪೋಯಿ' ಎಂದರೆ ನೀನೂ ಸೇರಿ. ಆಮ್ಹೀಗೆ ಎಂಕುಲು, ಆಪಣಕ್ಕೆ ನಮ. ಶಾಲೆಯ ಪುಸ್ತಕದಲ್ಲಿ ಕಾಣದಿದ್ದ ಮನೆಮಾತು ಮರಾಠಿ ಕಲಿಯುವಾಗ ಕನ್ನಡಕ್ಕಿಂತ ಹೆಚ್ಚು ನೆರವಾಯಿತು. ತಮಿಳಿನಲ್ಲಿ ನಾಂಗಳ್ ಮತ್ತು ನಾಮ್, ತೆಲುಗಿನಲ್ಲಿ ಮೇಮು ಮತ್ತು ಮನಮು ಎಂಬ ಇದೇ ಭೇದ ಇದೆ. ಮರಾಠಿಗೂ ಗುಜರಾತಿಗೂ ಇದು ದ್ರಾವಿಡ ಭಾಷೆಗಳ ಸಹವಾಸದಿಂದಲೇ ಬಂದಿರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಿಂದಿಯ 'ಹಮ್'ಗೆ ಈ ಸೂಕ್ಷ್ಮ ಇಲ್ಲ.

ಇನ್ನು ಲೆಕ್ಕ. ಕನ್ನಡದ ಸಂಖ್ಯೆಗಳು ಎಡದಿಂದ ಬಲಕ್ಕೆ ಓದಿದ ಹಾಗೇ ಇವೆ, ಇಪ್ಪತ್ತು-ಐದು ಇಪ್ಪತ್ತೈದು. ಮರಾ‌ಠಿಯಲ್ಲಿ 'ಪಂಚವೀಸ', ಐದು ಮೊದಲು, ಇಪ್ಪತ್ತು ಆಮೇಲೆ. ಐವತ್ತೊಂಬತ್ತಂತೂ 'ಏಕೋಣಸಾಠ', ಅಂದರೆ ಒಂದು ಕಡಿಮೆ ಅರವತ್ತು. ಕ್ಯಾಶ್ ಕೌಂಟರಿಗೆ ಹೊಸದಾಗಿ ಬಂದವನ ಕಿವಿಗೆ ಕೊನೆಯ 'ಸಾಠ' ಮಾತ್ರ ಬೀಳುತ್ತದೆ. ಅರವತ್ತು ಎಂದು ಬರೆದುಕೊಂಡು ಸಂಜೆ ಲೆಕ್ಕ ತಾಳೆಯಾಗದೆ ಚಹಾ ತಣ್ಣಗಾಗುವವರೆಗೂ ಕೂರುತ್ತಾನೆ. ಮೂವತ್ತು ವರ್ಷ ಮರಾಠಿಯಲ್ಲೇ ಗ್ರಾಹಕರೊಡನೆ ವ್ಯವಹರಿಸಿದ ಕನ್ನಡದ ಕ್ಯಾಶಿಯರುಗಳು ನೋಟು ಎಣಿಸುವಾಗ ಮಾತ್ರ ತುಟಿಯೊಳಗೆ ಕನ್ನಡದಲ್ಲೋ ತುಳುವಿನಲ್ಲೋ ಎಣಿಸುವುದನ್ನು ಕಂಡವರಿದ್ದಾರೆ. ಈ ತೊಡಕು ಮರಾಠಿ ಮಕ್ಕಳಿಗೂ ಇದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ಏಕವೀಸ'ದ ಜೊತೆಗೆ 'ವೀಸ ಏಕ' ಎಂದು ಓದುವ ದಾರಿಯನ್ನೂ ಕೊಟ್ಟಾಗ ದೊಡ್ಡ ಗದ್ದಲವೆದ್ದು ಚರ್ಚೆ ವಿಧಾನಸಭೆಯವರೆಗೂ ಹೋಯಿತು. ವೀಸ ಏಕ ಎನ್ನುವುದು ನಮ್ಮ ಇಪ್ಪತ್ತೊಂದರ ದಾರಿಯೇ ಅಲ್ಲವೇ?

ಇಂಗ್ಲಿಷಿನ ವಿಚಾರವನ್ನು ರಾತ್ರಿ ಶಾಲೆಯಲ್ಲಿ ಓದಿದವರನ್ನು ಕೇಳಬೇಕು. ಹಗಲಿಡೀ ದುಡಿದು ರಾತ್ರಿ ಬೆಂಚಿನ ಮೇಲೆ ಕುಳಿತವನಿಗೆ ಮಾಸ್ತರರು 'ಇಟ್ ಈಸ್ ರೇನಿಂಗ್' ಎಂದು ಹಲಗೆಯ ಮೇಲೆ ಬರೆದರೆ ಈ 'ಇಟ್' ಯಾರು ಎಂಬ ಪ್ರಶ್ನೆ ಏಳುವುದು ಸಹಜ. ಕನ್ನಡದಲ್ಲಿ ಮಳೆಯೇ ಬರುತ್ತದೆ, ಮರಾಠಿಯಲ್ಲಿ ಪಾವೂಸ ತಾನೇ ಬೀಳುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕರ್ತೃವಿನ ಖುರ್ಚಿ ಖಾಲಿ ಬಿಡುವ ಹಾಗಿಲ್ಲವಾದ್ದರಿಂದ ಅಲ್ಲಿ ಯಾರೂ ಅಲ್ಲದ ಒಬ್ಬರನ್ನು ಕೂರಿಸುತ್ತಾರೆ. ಮಳೆ ಯಾರದ್ದೆಂದು ಕೇಳಿದ ಹುಡುಗನನ್ನು ದಡ್ಡನೆಂದು ಕೂರಿಸಿದ್ದರೆ ಅದು ಅನ್ಯಾಯ. ಅವನು ವ್ಯಾಕರಣದ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ.

ಕನ್ನಡ ಶಾಲೆಯಲ್ಲಿ ಓದಿದವರಿಗಾದರೂ ತಮ್ಮ ವ್ಯಾಕರಣ ಗೊತ್ತಿತ್ತೇ ಎಂದರೆ, ಅರ್ಧ ಮಾತ್ರ. ಹದಿಮೂರನೇ ಶತಮಾನದ ಕೇಶಿರಾಜನಿಂದ ಹಿಡಿದು ಶಾಲಾ ಪುಸ್ತಕಗಳವರೆಗೆ ಕನ್ನಡದ ವ್ಯಾಕರಣವನ್ನು ಬಹುಪಾಲು ಸಂಸ್ಕೃತದ ಚೌಕಟ್ಟಿನಲ್ಲೇ ಬರೆದುಕೊಂಡು ಬಂದರು. ಡಿ.ಎನ್. ಶಂಕರ ಬಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕ ಬರೆದದ್ದು ಇದೇ ಕೊರತೆಯ ಬಗ್ಗೆ. ಅವರ ಹೊಸ ಬರವಣಿಗೆಯ ಪದ್ಧತಿಯನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ನಮ್ಮ ವಾಕ್ಯವನ್ನು ನಮ್ಮ ಕಣ್ಣಿನಿಂದ ನೋಡಬೇಕೆಂಬ ಮಾತನ್ನು ಹೊರನಾಡಿನಲ್ಲಿರುವವರು ಒಪ್ಪದಿರಲು ಸಾಧ್ಯವಿಲ್ಲ. ದಿನಕ್ಕೆ ನಾಲ್ಕು ಭಾಷೆಗಳ ನಡುವೆ ಓಡಾಡುವವನಿಗೆ ತಾನು ಎಲ್ಲಿಂದ ಹೊರಟೆ ಎನ್ನುವುದು ಗೊತ್ತಿರಬೇಕು.

ಈಗ ಹೊರಡುವ ಜಾಗವೇ ಮಸುಕಾಗುತ್ತಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ಆದರೆ ಹೋಟೆಲಿನ ಗಲ್ಲಾದವನ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಯಿತು, ಆದುದರಿಂದ ಅವರಿಗೆ 'ಖಾಲ್ಲಾ', 'ಖಾಲ್ಲೀ' ತೊಂದರೆ ಇಲ್ಲ. 2025ರಲ್ಲಿ ಬ್ಯಾಂಕುಗಳಲ್ಲಿ ಮರಾಠಿ ಆಡಬೇಕೆಂಬ ಚಳವಳಿ ಎದ್ದಾಗ ಆತಂಕಪಟ್ಟವರು ಅಜ್ಜ ಮತ್ತು ಅಪ್ಪನ ತಲೆಮಾರಿನವರು, ಮಕ್ಕಳಲ್ಲ. ಅವರು ಎಡವುತ್ತಿರುವುದು ಕನ್ನಡದಲ್ಲಿ.

ಎಡವುವ ಜಾಗವೂ ಎಲ್ಲ ಮನೆಗಳಲ್ಲಿ ಒಂದೇ. ಕನ್ನಡಕ್ಕೆ ಇಲ್ಲ ಬೇರೆ, ಅಲ್ಲ ಬೇರೆ. ಮನೆಯಲ್ಲಿ ಅಕ್ಕಿ ಇಲ್ಲ, ಇದು ಅಕ್ಕಿ ಅಲ್ಲ. ಹಿಂದಿಯಲ್ಲಿ ಎರಡಕ್ಕೂ 'ನಹೀಂ', ಇಂಗ್ಲಿಷಿನಲ್ಲಿ ಎರಡಕ್ಕೂ 'ನಾಟ್'. ಮರಾಠಿಯಲ್ಲಿ ಅಲ್ಲ ಎನ್ನಲು 'ನವ್ಹೇ' ಎಂಬುದಿದ್ದರೂ ನಗರದ ಮಾತಿನಲ್ಲಿ 'ನಾಹೀ'ಯೇ ಎಲ್ಲ ಕೆಲಸ ಮಾಡುತ್ತದೆ. ಹೀಗೆ ಮೂರು ಭಾಷೆಗಳೂ ಸೇರಿ ಮಗುವಿನ ಕನ್ನಡದಿಂದ ಅಲ್ಲವನ್ನು ಅಳಿಸಿಬಿಟ್ಟಿವೆ. 'ಇದು ನನ್ನ ಪುಸ್ತಕ ಇಲ್ಲ', 'ಅವಳು ನನ್ನ ಟೀಚರ್ ಇಲ್ಲ'. ತಾಯಿ ತಂದೆಗೆ ಕೇಳಿ ಕೇಳಿ ಅಭ್ಯಾಸವಾಗಿದೆ, ತಿದ್ದುವುದಿಲ್ಲ. ಬೇಡ ಎನ್ನುವುದು ಮಾತ್ರ ಮರಾಠಿಯ 'ನಕೋ' ಇರುವುದರಿಂದಲೋ ಏನೋ ಗಟ್ಟಿಯಾಗಿ ಉಳಿದಿದೆ.

ಡೊಂಬಿವಲಿಯಂಥ ಕಡೆಯ ಮನೆಗಳಿಗೆ ಭಾನುವಾರ ಊರಿನಿಂದ ಅಜ್ಜಿಯ ಫೋನು ಬರುತ್ತದೆ. ಮೊಮ್ಮಗ ಎತ್ತಿಕೊಳ್ಳುತ್ತಾನೆ. ಹಿಂದಿನಿಂದ ಯಾರೋ ಗಂಡಸಿನ ಕೆಮ್ಮು ಕೇಳಿಸುತ್ತದೆ.

"ಅದು ಯಾರು ಮಗಾ ಕೆಮ್ಮುವುದು? ಅಪ್ಪನಾ?"

"ಅಪ್ಪ ಇಲ್ಲ ಅಜ್ಜಿ."

"ಇಲ್ಲವಾ? ಭಾನುವಾರವೂ ಎಲ್ಲಿಗೆ ಹೋದ?"

"ಎಲ್ಲಿಗೂ ಹೋಗಲಿಲ್ಲ, ಒಳಗೆ ಮಲಗಿದ್ದಾರೆ. ಇದು ಅಪ್ಪ ಇಲ್ಲ, ಮಾಮ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಜ್ಜಿ ಮೆಲ್ಲನೆ ತಿದ್ದುತ್ತಾಳೆ, "ಅಪ್ಪ ಅಲ್ಲ ಅನ್ನು ಮಗಾ. ಇಲ್ಲ ಅನ್ನಬೇಡ."